ಎಂಟು ನಿಮಿಷದ ಗಂಟೆ

ಥೇಮ್ಸ್ ನದಿಯ ಈಚೆ ದಂಡೆಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ನಮ್ಮ ಬಸವಣ್ಣನ ಮೂರ್ತಿಯಿದೆ. 2015ರ ನವೆಂಬರ್ 14ರಂದು ಅನಾವರಣವಾದದ್ದು. ಆಚೆ ದಂಡೆಗೆ ಬ್ರಿಟನ್ನಿನ ಸಂಸತ್ತು. ಕೆಲಸ ಮುಗಿಸಿ ಬಸ್ಸಿಗೆ ಹೋಗುವಾಗ ಅಲ್ಲಿ ಒಂದು ಗಳಿಗೆ ನಿಲ್ಲುವುದು ನನಗೆ ರೂಢಿ.

2023ರ ನವೆಂಬರ್ 15ರ ಸಂಜೆಯೂ ನಿಂತಿದ್ದೆ. ಗಾಜಾದಲ್ಲಿ ತಕ್ಷಣ ಕದನವಿರಾಮ ಆಗಬೇಕು, ನಾಗರಿಕರ ಜೀವ ಕಾಯಬೇಕು ಎಂದು ಸ್ಕಾಟಿಷ್ ನ್ಯಾಷನಲ್ ಪಕ್ಷ ತಂದಿದ್ದ ತಿದ್ದುಪಡಿ ಅವತ್ತು ಮತಕ್ಕೆ ಬರುವುದಿತ್ತು. ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದು, 250ರಷ್ಟು ಮಂದಿಯನ್ನು ಒತ್ತೆಯಾಗಿ ಎಳೆದೊಯ್ದಿತ್ತು. ಆಮೇಲೆ ಆರು ವಾರವೂ ಕಳೆದಿರಲಿಲ್ಲ, ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 11 ಸಾವಿರ ದಾಟಿತ್ತು.

ನಾನೂ ನಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆದಿದ್ದೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತಿನವರೆಂದು ನಮಗಿಲ್ಲಿ ಮತದ ಹಕ್ಕುಂಟು. ಬಾಗೇವಾಡಿಯಿಂದ ಅವ್ವ ಫೋನಿನಲ್ಲಿ ನಕ್ಕಳು: "ನೀ ಕಾಗದಾ ಬರದ್ರ ಯುದ್ಧ ನಿಂದರತೈತೇನವಾ?"

ನನ್ನನ್ನು ಕಾಡಿದ್ದು ಆ ಪ್ರಶ್ನೆಯೇ. ಕೊಲೆ ನಿಲ್ಲಿಸುವ ಕಸುವಿಲ್ಲದ ಮಾತು ಯಾತಕ್ಕೆ?

ಕೌರವರ ಸಭೆಯಲ್ಲಿ ಹಿರಿಯರೆಲ್ಲ ಉತ್ತರ ಹೇಳಲಾರದೆ ಕೂತಿದ್ದಾಗ ದ್ರೌಪದಿಯ ಪರ ಎದ್ದು ನಿಂತವನು ದುರ್ಯೋಧನನ ತಮ್ಮ ವಿಕರ್ಣ. ಕರ್ಣ ಗದರಿಸಿ ಬಾಯಿ ಮುಚ್ಚಿಸಿದ. ಆದರೂ ಅಲ್ಲಿ ನಡೆದದ್ದು ಅಧರ್ಮ ಎನ್ನಲು ಮನೆಯೊಳಗಿನದೇ ಒಂದು ಸಾಕ್ಷಿ ಉಳಿಯಿತು. ಮುಂದೆ ಅದೇ ವಿಕರ್ಣ ಅಣ್ಣನ ಪಕ್ಷದಲ್ಲೇ ಕಾದಿ ಭೀಮನ ಕೈಯಲ್ಲಿ ಸತ್ತ. ನುಡಿದ, ನಡೆಯಲಿಲ್ಲ. ಬಲರಾಮನೋ ಯಾರ ಕಡೆಯೂ ಬೇಡವೆಂದು ತೀರ್ಥಯಾತ್ರೆಗೆ ಹೊರಟ.

ನುಡಿ ನಡೆ ಒಂದಾಗಬೇಕು ಎಂದರು ಶರಣರು. ನದಿಯಾಚೆಯ ಆ ಸದನದಲ್ಲಿ ಮತ ಹಾಕುವುದೆಂದರೆ ನಿಜಕ್ಕೂ ಎದ್ದು ನಡೆಯುವುದು. ಎಂಟು ನಿಮಿಷದ ಗಂಟೆ. ಹೌದು ಎನ್ನುವವರು ಸ್ಪೀಕರ್ ಬಲಕ್ಕಿರುವ ಮೊಗಸಾಲೆಗೆ, ಅಲ್ಲ ಎನ್ನುವವರು ಎಡಕ್ಕೆ. ಆಮೇಲೆ ಬಾಗಿಲು ಹಾಕುತ್ತಾರೆ.

ಅವತ್ತು ಪರ 125, ವಿರುದ್ಧ 293. ತಟಸ್ಥರಾಗಿರಿ ಎಂದು ಲೇಬರ್ ನಾಯಕ ಕಿಯರ್ ಸ್ಟಾರ್ಮರ್ ಹೇಳಿದ್ದರೂ ಅವರದೇ 56 ಮಂದಿ ಬಲಕ್ಕೆ ನಡೆದರು. ಜೆಸ್ ಫಿಲಿಪ್ಸ್ ಸೇರಿ ಹಲವರು ಪಕ್ಷದ ಹುದ್ದೆ ಬಿಟ್ಟರು. ಬಾಂಬು ನಿಲ್ಲಲಿಲ್ಲ, ಅವ್ವನ ಮಾತೇ ನಿಜವಾಯಿತು. ಆದರೆ ಕಾಣದ ಊರಿನ ಮಕ್ಕಳಿಗಾಗಿ ಆಡಿದ ಮಾತಿಗೆ ಆ ಕೆಲವರು ತಮ್ಮ ಗಂಟಿನಿಂದ ಏನೋ ತೆತ್ತಿದ್ದರು. ಮಾತಿನ ತೂಕ ಅಲ್ಲಿರಬಹುದು ಅನ್ನಿಸಿತು.

ನಮ್ಮ ಸಂಸದರು ಯಾವ ಬಾಗಿಲನ್ನೂ ದಾಟಲಿಲ್ಲ. ನಿಮ್ಮ ಕಳಕಳಿ ಅರ್ಥವಾಗುತ್ತದೆ ಎಂಬ ಕಾಗದ ಬಂತು. ಬಲರಾಮ ಎಂದು ಬೈದುಕೊಂಡೆ.

ಬೈಯುವಾಗಲೇ ರಾಜ್ಯೋತ್ಸವದ ಊಟ ನೆನಪಾಯಿತು. ಅವತ್ತು ಗಾಜಾದ ಮಾತು ಬಂದಾಗ ಪರಿಚಯದ ಹಿರಿಯರೊಬ್ಬರು, "ಅಲ್ಲಿ ಪಾಪದವ್ರು ಅಂತ ಯಾರದಾರವಾ?" ಎಂದಿದ್ದರು. ನಾನು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಡಿಸಿ, ಮುಂದಿನ ಎಲೆಗೆ ಹೋಗಿದ್ದೆ. ಸಂಸದರಿಗೆ ಬರೆಯಲು ನನಗೆ ಖರ್ಚೇನಿತ್ತು? ಈ ಹಿರಿಯರು ಈ ಊರಿನಲ್ಲಿ ನನಗೆ ಮೊದಲ ಬಾಡಿಗೆ ಮನೆ ಹುಡುಕಿಕೊಟ್ಟವರು.

ಎರಡು ದಿನ ತಡೆದು ಫೋನ್ ಮಾಡಿದೆ. "ಕಾಕಾ, ಅವತ್ತ ನೀವು ಅಂದದ್ದಕ್ಕ ನಾ ಸುಮ್ಮನಿದ್ದೆ. ಒಪ್ಪಿದೆ ಅಂತ ತಿಳ್ಕೋಬ್ಯಾಡ್ರಿ."

ಆ ಕಡೆ ಸದ್ದಿಲ್ಲ. ಆಮೇಲೆ, "ಅವ್ವ ಆರಾಮ ಅದಾಳೇನು?" ಎಂದು ಕೇಳಿ ಇಟ್ಟರು.

2024ರ ಫೆಬ್ರವರಿ 21ರಂದು ಅದೇ ಸದನ ತಕ್ಷಣದ ಮಾನವೀಯ ಕದನವಿರಾಮ ಬೇಕೆಂಬ ಮಾತನ್ನು ಒಪ್ಪಿತು. ಅದಕ್ಕಾಗಿ ಯಾರೂ ಮೊಗಸಾಲೆಗೆ ನಡೆಯಬೇಕಾಗಲಿಲ್ಲ. ಸತ್ತವರು ಆಗಲೇ 29 ಸಾವಿರ ದಾಟಿದ್ದರು.

ಆ ವರ್ಷದ ಯುಗಾದಿಗೆ ಕಾಕಾನ ಮನೆಯಿಂದ ಕರೆ ಬರಲಿಲ್ಲ.