ಮತದ ಹಿಂದಿನ ಬದುಕು

ದೇಶ ನೋಡಬೇಕೆಂದರೆ ಕಾಶಿ, ಕಾಶ್ಮೀರದತ್ತ ಹೊರಡುತ್ತೇವೆ. ಈ ದೇಶದ ಜನ ಇಷ್ಟು ಬಗೆಬಗೆಯಾಗಿ ಯೋಚಿಸುವುದೇಕೆ ಎಂದು ಅರಿಯಬೇಕಿದ್ದರೆ ಮಾತ್ರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೂ ಸಾಕು. ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮುಗಿದುಹೋಗುವ ಪುಟ್ಟ ದಾರಿ ಅದು. ಕೋಲಾರದ ಚಿನ್ನದ ಗಣಿಗಾಗಿ 1890ರ ದಶಕದಲ್ಲಿ ಹಾಕಿದ ಹಳಿ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹಿಡಿದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಜನ ಇಲ್ಲಿಗೆ ಬಂದರು. ಅವರಲ್ಲಿ ಬಹುಪಾಲು ದಲಿತರು. ಊರಿನ ಜೀತಕ್ಕಿಂತ ಗಣಿಯ ಕೂಲಿ ಮೇಲೆಂದು ಬಂದವರೂ ಇದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಕೆಳಗೆ ಬಂಡೆ ಸಿಡಿದರೆ ಮೇಲೆ ಸಾಲಾಗಿದ್ದ ಕಾರ್ಮಿಕರ ಲೈನ್ ಮನೆಗಳು ನಡುಗುತ್ತಿದ್ದವು. ಇಳಿದವರು ಮೇಲೆ ಬರುತ್ತಾರೋ ಇಲ್ಲವೋ ಎಂಬ ಭಯ ತಮಿಳು, ತೆಲುಗು, ಕನ್ನಡ, ಉರ್ದು ಮಾತಾಡುವ ಎಲ್ಲ ಮನೆಗಳಿಗೂ ಒಂದೇ ಆಗಿತ್ತು.

ಇಂಥ ಊರು ವಿಧಾನಸಭೆಗೆ ಯಾರನ್ನೆಲ್ಲ ಕಳಿಸಿದೆ ನೋಡಿ: ಕಮ್ಯುನಿಸ್ಟರು, ರಿಪಬ್ಲಿಕನ್ ಪಕ್ಷದವರು, ಅಣ್ಣಾ ಡಿಎಂಕೆಯವರು, ಬಿಜೆಪಿಯವರು, ಕಾಂಗ್ರೆಸ್ಸಿನವರು. ದೂರದಿಂದ ನೋಡಿದವರಿಗೆ ಇದು ಚಂಚಲ ಬುದ್ಧಿಯೆಂದು ತೋರಬಹುದು. ಹತ್ತಿರ ಹೋದರೆ ಕಾರಣಗಳು ಕಾಣುತ್ತವೆ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದ ನೆಲದಲ್ಲಿ ಕೆಂಬಾವುಟಕ್ಕೆ ಬೆಲೆ ಇದ್ದೇ ಇರುತ್ತದೆ. ಅಂಬೇಡ್ಕರ್ ಹೆಸರಿನಿಂದ ತಲೆಯೆತ್ತಿ ನಡೆಯಲು ಕಲಿತವರು ರಿಪಬ್ಲಿಕನ್ ಪಕ್ಷವನ್ನು ತಮ್ಮದೆಂದುಕೊಂಡರು. ತಾಯ್ನುಡಿಯ ಸೆಳೆತ ಕೆಲವರನ್ನು ಅಣ್ಣಾ ಡಿಎಂಕೆಯ ಎರಡೆಲೆಯ ಗುರುತಿಗೆ ಒಯ್ದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಬಾಕಿ ಹಣಕ್ಕಾಗಿ, ವಾಸವಿದ್ದ ಕಂಪನಿ ಮನೆಯ ಹಕ್ಕಿಗಾಗಿ ಕಾದು ಕೂತವರು, ಕೆಲಸ ತಂದುಕೊಡುವ ಭರವಸೆ ಎಲ್ಲಿ ಕಂಡಿತೋ ಅತ್ತ ನೋಡಿದ್ದರಲ್ಲಿ ತಪ್ಪೇನು?

ಇಂದು ಅದೇ ಮನೆಗಳಿಂದ ಸಾವಿರಾರು ಜನ ನಸುಕಿನಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ದುಡಿದು, ಕತ್ತಲಾದ ಮೇಲೆ ಮರಳುತ್ತಾರೆ. ಒಂದೇ ಬೋಗಿಯಲ್ಲಿ ಬೇರೆ ಬೇರೆ ಪಕ್ಷದವರು, ಬೇರೆ ಬೇರೆ ದೇವರಿಗೆ ಕೈಮುಗಿಯುವವರು ಒತ್ತೊತ್ತಾಗಿ ಕೂರುತ್ತಾರೆ. ಅವರೆಲ್ಲ ಒಮ್ಮತಕ್ಕೆ ಬಂದಿದ್ದಾರೆಂದಲ್ಲ. ಎದುರಿಗಿರುವವನ ಕಷ್ಟ ತನ್ನದೂ ಹೌದೆಂದು ಒಬ್ಬೊಬ್ಬರಿಗೂ ಗೊತ್ತು. ಭಿನ್ನಾಭಿಪ್ರಾಯದ ಜೊತೆಗೇ ಬಾಳಲು ಅಷ್ಟು ತಿಳಿವಳಿಕೆ ಸಾಲುತ್ತದೆ.

ನಾವು ದೇಶ ಸುತ್ತುವಾಗ ಮರೆಯುವುದು ಇದನ್ನೇ. ಒಂದು ರಾಜ್ಯಕ್ಕೆ ಕಾಲಿಡುವ ಮೊದಲೇ ಅಲ್ಲಿನವರು ಯಾರಿಗೆ ಮತ ಹಾಕಿದರೆಂದು ನೋಡಿ, ಅವರು ಎಂಥವರೆಂದು ತೀರ್ಮಾನಿಸಿಬಿಡುತ್ತೇವೆ. ಚುನಾವಣೆಯ ಫಲಿತಾಂಶ ಟಿವಿಯಲ್ಲೂ ಸಿಗುತ್ತದೆ, ಅದಕ್ಕಾಗಿ ಪ್ರಯಾಣ ಬೇಕಿಲ್ಲ. ಹೋದಲ್ಲೆಲ್ಲ ಜೊತೆಯಲ್ಲಿ ಕೂತವರ ದುಡಿಮೆ ಏನು, ಅವರ ಹಿರಿಯರು ಎಲ್ಲಿಂದ ಬಂದರು, ಊರಿನಲ್ಲಿ ಏನು ಮುಚ್ಚಿತು, ಏನು ತೆರೆಯಿತು ಎಂದು ಕೇಳೋಣ. ಕೇಳಿದ ಮೇಲೂ ಅವರ ರಾಜಕೀಯವನ್ನು ಒಪ್ಪಬೇಕಾಗಿಲ್ಲ. ಆದರೆ ಒಬ್ಬರ ನಿಲುವಿನ ಹಿಂದಿರುವ ಬದುಕನ್ನು ಬಲ್ಲವರು ಅವರೊಡನೆ ಗಟ್ಟಿಯಾಗಿ ವಾದಿಸಬಲ್ಲರು, ಅವರನ್ನು ದ್ವೇಷಿಸಲಾರರು.