ಹಂತ ಎಲ್ಲಿಂದ ಶುರು?

1923ರಲ್ಲಿ ಕಬ್ಬಿಣ ಕರಗತೊಡಗಿದ ಮೇಲೆ ಭದ್ರಾವತಿಯ ಮನೆಗಳಲ್ಲಿ ಆಯುಸ್ಸಿಗೂ ಕಾರ್ಖಾನೆಯದೇ ಲೆಕ್ಕ: ಎಷ್ಟು ವರ್ಷ ಸರ್ವೀಸು, ರಿಟೈರ್ ಆಗಿ ಎಷ್ಟಾಯ್ತು? ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಕೂಡ ಹೆಚ್ಚಾಗಿ ಸರ್ವೀಸಿನ ಲೆಕ್ಕ ಹಿಡಿದೇ ಬರುವಂಥದ್ದು.

ಅದಕ್ಕೆ ಮುಖ್ಯ ಕಾರಣ ಕಲ್ನಾರು. ಕಲ್ಲೂ ಹೌದು, ನಾರೂ ಹೌದು, ಉರಿಗೆ ಬಗ್ಗದ್ದು. ಒಂದು ಕಾಲಕ್ಕೆ ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಉಗಿಯ ಕೊಳವೆಗಳಿಗೆ ಅದನ್ನೇ ಸುತ್ತುತ್ತಿದ್ದರು. ಅದರ ಎಳೆ ಉಸಿರಿನ ಜೊತೆ ಒಳಹೊಕ್ಕು ಶ್ವಾಸಕೋಶದ ಹೊದಿಕೆ ಸೇರಿದರೆ, ರೋಗ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯುತ್ತದೆ. ಆಮೇಲೊಂದು ದಿನ ಮೆಟ್ಟಿಲು ಹತ್ತುವಾಗ ದಮ್ಮು. ಎದೆಯಲ್ಲಿ ನೀರು ತುಂಬಿದೆ ಅಂತಾರೆ. ನಮ್ಮಲ್ಲಿ ಮೊದಲು ಕ್ಷಯದ ಅನುಮಾನವೇ ಬರುವುದು ಸಹಜ.

ಮೀಸೋಥೀಲಿಯೋಮ ಎಂದು ಗೊತ್ತಾದ ಮೇಲೆ ಅದರ ಹಂತ ಎಣಿಸುತ್ತಾರೆ: ಒಂದೇ ಬದಿಯ ಹೊದಿಕೆಯಲ್ಲಿದ್ದರೆ ಮೊದಲ ಹಂತ, ದೂರದ ಅಂಗಗಳಿಗೆ ಹರಡಿದ್ದರೆ ನಾಲ್ಕನೆಯದು. ಶಸ್ತ್ರಚಿಕಿತ್ಸೆ ಆದವರ ಒಂದು ಅಂತರರಾಷ್ಟ್ರೀಯ ಲೆಕ್ಕದಲ್ಲಿ ಮೊದಲ ಹಂತದವರಲ್ಲಿ ಅರ್ಧದಷ್ಟು ಜನ 21 ತಿಂಗಳು ದಾಟಿದ್ದರು, ನಾಲ್ಕನೇ ಹಂತದಲ್ಲಿ 12 ತಿಂಗಳು. ಜೀವಕೋಶದ ಬಗೆಯೂ ಹಂತದಷ್ಟೇ ತೂಗುತ್ತದೆ. ಅಂತೂ ನಡುವಿನ ಅಂತರ ಒಂಬತ್ತು ತಿಂಗಳು. ಅದನ್ನು ಅಲ್ಪವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದು, ಅಡಿಕೆ ಕೊಯ್ಲು ಮುಗಿಯುವಷ್ಟು ಕಾಲ ಅದು.

ಆದರೂ ಮೂವತ್ತು ನಲವತ್ತು ವರ್ಷ ಮೈಯೊಳಗೆ ಇದ್ದದ್ದನ್ನು ಕಂಡ ದಿನ 'ಮೊದಲ ಹಂತ' ಎಂದು ಬರೆಯುವಾಗ, ಯಾವುದಕ್ಕೆ ಮೊದಲು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಹಂತ ಎಣಿಸುವುದು ಹರಡಿದ ಜಾಗವನ್ನು, ಕಳೆದ ಕಾಲವನ್ನಲ್ಲ. ಆ ಕಾಲವನ್ನು ಗುರುತಿಸಿದ್ದು ನ್ಯಾಯಾಲಯ: ಕಲ್ನಾರಿನ ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು.

ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಎಕ್ಸ್-ರೇ ಕವರ್ ಹಿಡಿದು ಬಸ್ಸು ಹತ್ತುವ ಹಿರಿಯರು ಕೆಲಸ ಕೇಳಿದರೆ 'ರಿಟೈರ್ಡ್' ಅನ್ನುತ್ತಾರೆ. ಯಾವ ಕೆಲಸದಿಂದ, ಯಾವ ಸೆಕ್ಷನ್ನು, ಕೊಳವೆಗೆ ಏನು ಸುತ್ತುತ್ತಿದ್ದಿರಿ ಎಂದೂ ಅವರನ್ನು ಕೇಳಬೇಕು. ಕಲ್ನಾರಿನ ದೂಳು ಬಟ್ಟೆಗಂಟಿ ಮನೆಗೂ ಬರುತ್ತದೆ. ಮನೆಯವರಿಗೆ ಸರ್ವೀಸ್ ಬುಕ್ ಇರುವುದಿಲ್ಲ. ದಮ್ಮು ಕಟ್ಟಿದ್ದು ಹೆಂಡತಿಗಾದರೆ ಆಕೆಯನ್ನೂ ಕೇಳಬೇಕು: "ಯಜಮಾನ್ರ ಬಟ್ಟೆ ನೀವೇ ಒಗೀತಿದ್ರಾ ಅಮ್ಮಾ?"