ಅಕ್ಷತೆಯ ಸ್ವಸ್ತಿಕ

ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಕೊಂಡ ಶ್ರಾವಿಕೆಯು ಅನ್ನವನ್ನು ಬಿಟ್ಟರೂ ಅಕ್ಕಿಯನ್ನು ಬಿಡುವುದಿಲ್ಲ. ಜಿನಪೂಜೆಯ ಅಕ್ಷತೆಗಾಗಿ ಅಂದೂ ಮೊರದಲ್ಲಿ ಹರಡಿ ಆರಿಸುತ್ತಾಳೆ. ನುಚ್ಚನ್ನು ಬೇರ್ಪಡಿಸಬೇಕು, ಹುಳುವಿದ್ದರೆ ನೋಯದಂತೆ ಎತ್ತಿಡಬೇಕು. ನಿತ್ಯ ಅಡುಗೆಗೆಂದು ಮಾಡುವ ಕೆಲಸವೇ ಇದು; ಹಸಿದ ಹೊಟ್ಟೆಯಲ್ಲಿ, ತಾನು ಉಣ್ಣದ ಅಕ್ಕಿಗಾಗಿ ಮಾಡುವಾಗ ಒಂದೊಂದು ಕಾಳೂ ಕಣ್ಣಿಗೆ ಬೀಳುತ್ತದೆ.

ಬಸದಿಯ ಮಣೆಯ ಮೇಲೆ ಆ ಅಕ್ಕಿಯೇ ಸ್ವಸ್ತಿಕವಾಗುತ್ತದೆ. ನಾಲ್ಕು ತೋಳುಗಳು ನಾಲ್ಕು ಗತಿಗಳು; ಮೇಲಿನ ಮೂರು ಪುಂಜಗಳು ರತ್ನತ್ರಯ; ಅದಕ್ಕೂ ಮೇಲಿನ ಅರ್ಧಚಂದ್ರ ಸಿದ್ಧಶಿಲೆ. ಹೊಟ್ಟು ಕಳೆದ ಅಕ್ಕಿ ಮತ್ತೆ ಮೊಳೆಯದು. ಪುನರ್ಜನ್ಮವಿಲ್ಲದ ಪದವಿಯನ್ನು ಬಯಸಿ ಅರ್ಪಿಸಲು ಇದಕ್ಕಿಂತ ಉಚಿತವಾದ ದ್ರವ್ಯ ಯಾವುದು?

ದಿನವೂ ಬರೆದರೆ ಅದು ರೂಢಿಯಾಗುವುದಿಲ್ಲವೇ? ಆಗುತ್ತದೆ. ಬೆರಳು ಬರೆಯುತ್ತಿರುತ್ತದೆ, ಮನಸ್ಸು ಮನೆಯ ಮಾತಿನಲ್ಲಿರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಹೇಳಿದ ಅತಿಚಾರಗಳಲ್ಲಿ ಅನಾದರ, ಸ್ಮೃತ್ಯನುಪಸ್ಥಾನ ಎಂಬೆರಡು ಸಮಾನವಾಗಿವೆ. ಊಟ ಬಿಟ್ಟ ಮಾತ್ರಕ್ಕೆ ಎಚ್ಚರ ಬಾರದೆಂಬುದನ್ನು ಉಮಾಸ್ವಾಮಿಗಳು ಬಲ್ಲವರಾಗಿದ್ದರು. ಆದರೆ ಸ್ವಸ್ತಿಕದ ತೋಳು ಡೊಂಕಾದಾಗ ಮನಸ್ಸು ಜಾರಿದ ಎಡೆಯು ಎದುರಿಗೇ ಕಾಣುತ್ತದೆ. ಈ ಅನುಕೂಲ ಜಪಮಾಲೆಗೂ ಇಲ್ಲ.

ತೋಳು ನೆಟ್ಟಗಾದ ದಿನವೇ ಹೆಚ್ಚು ಅಪಾಯ. ಪಕ್ಕದಾಕೆಯದಕ್ಕಿಂತ ತನ್ನದು ಚೆಲುವೆಂಬ ಭಾವ ಬಂದೊಡನೆ ಮಾನಕಷಾಯ ಒಳಹೊಕ್ಕಂತೆಯೇ. ಅದಕ್ಕೆ ಮದ್ದೂ ಆ ವಿಧಿಯಲ್ಲಿಯೇ ಇದೆ. ಅರ್ಪಿಸಿದ ಅಕ್ಕಿ ನಿರ್ಮಾಲ್ಯ, ಮನೆಗೆ ಮರಳದು. ಆಕೆ ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನು ಬದಿಗೆ ಸರಿಸಿ, ಅದೇ ಮಣೆಯ ಮೇಲೆ ತಮ್ಮ ಅಕ್ಕಿಯನ್ನು ಸುರಿದಿರುತ್ತಾರೆ.